ಲಾಡ್ಜ್, ಹೋಮ್‌ಸ್ಟೇ ಫೋಟೊ ಎಷ್ಟು ತಿದ್ದಬಹುದು? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ, ಯಾದಗಿರಿ ಕಡೆ ಲಾಡ್ಜ್, ಹೋಮ್‌ಸ್ಟೇ, ಯಾತ್ರಿ ನಿವಾಸ ನಡೆಸುವವರಿಗೂ ಅವರಿಗೆ ಫೋಟೊ ತೆಗೆದುಕೊಡುವವರಿಗೂ ಈ ಪುಟ. ಫೋನಿನಲ್ಲೇ ತೆಗೆದು ಫೋನಿನಲ್ಲೇ ಎಡಿಟ್ ಮಾಡುವವರು ಹೆಚ್ಚು, ಹಾಗಾಗಿ ಲೆಕ್ಕವೆಲ್ಲ ಫೋನಿನದೇ.

ಎಡಿಟಿಂಗ್ ಮಾಡಿದ್ರ ಮೋಸ ಅಂತೀರೇನ್ರಿ?

ಇಲ್ಲ. ಎಡಿಟ್ ಮಾಡದ ಫೋಟೊ ಕೂಡ ಸುಳ್ಳು ಹೇಳುತ್ತದೆ. ರೂಮಿನೊಳಗೆ ನಿಂತವರ ಕಣ್ಣಿಗೆ ಮಂಚವೂ ಕಿಟಕಿಯಾಚೆಯ ಬೇವಿನ ಮರವೂ ಒಟ್ಟಿಗೇ ಕಾಣುತ್ತವೆ. ಫೋನಿಗೆ ಎಷ್ಟೋ ಸಲ ಎರಡೂ ಸಿಗುವುದಿಲ್ಲ: ಕಿಟಕಿ ಬೆಳ್ಳಗೆ ಸುಟ್ಟುಹೋಗುತ್ತದೆ, ಇಲ್ಲವೇ ರೂಮು ಗವಿಯಂತಾಗುತ್ತದೆ. ಅದನ್ನು ಸರಿಪಡಿಸಿ ಕಣ್ಣಿಗೆ ಕಂಡಷ್ಟಕ್ಕೆ ತರುವುದು ನ್ಯಾಯವಾದ ಕೆಲಸ. ರೂಮಿನಲ್ಲೇ ಇರುವ ದೋಷವನ್ನು ಬೆರಳಿನಿಂದ ಒರೆಸಿಹಾಕುವುದು ಬೇರೆ ಮಾತು. ಕ್ಯಾಮೆರಾದ ತಪ್ಪಿಗೆ ಎಡಿಟಿಂಗ್, ರೂಮಿನ ತಪ್ಪಿಗೆ ಸಿಮೆಂಟು-ಬಣ್ಣ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಈ ಲೆಕ್ಕಕ್ಕೇ ಬಂದು ನಿಲ್ಲುತ್ತವೆ.

ರೂಮು ಸಣ್ಣದದ. ದೊಡ್ಡದು ಕಾಣಂಗ ತೆಗದ್ರ ತಪ್ಪೇನು?

ದೂರು ಹೆಚ್ಚು ಹುಟ್ಟುವುದು ಇಲ್ಲೇ, ಅದೂ ಎಡಿಟಿಂಗಿಗೆ ಮುಂಚೆಯೇ. ಫೋನಿನ ಮುಖ್ಯ ಲೆನ್ಸ್ (1ಎಕ್ಸ್) ಹಳೆಯ 35 ಎಂಎಂ ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ ಸಾಮಾನ್ಯವಾಗಿ 24ರಿಂದ 26 ಎಂಎಂ ಲೆನ್ಸಿಗೆ ಸಮ. ಅದರ ನೋಟದ ಅಗಲ 70 ಡಿಗ್ರಿಯ ಆಸುಪಾಸು. 0.5ಎಕ್ಸ್ ಒತ್ತಿದರೆ ಬರುವ ಲೆನ್ಸ್ 13-14 ಎಂಎಂಗೆ ಸಮ, ಅಗಲ 100 ಡಿಗ್ರಿ ದಾಟುತ್ತದೆ. ಹತ್ತಿರದ್ದು ಉಬ್ಬುತ್ತದೆ, ದೂರದ್ದು ಓಡಿಹೋಗುತ್ತದೆ. 10×12 ಅಡಿ ರೂಮು ಸಣ್ಣ ಹಾಲ್ ಆಗುತ್ತದೆ, ಅಂಚಿನಲ್ಲಿರುವ ಮಂಚ ಎಳೆದ ರಬ್ಬರಿನಂತೆ ಉದ್ದವಾಗುತ್ತದೆ, ಗೋಡೆಯ ಮೇಲಿನ ದುಂಡು ಗಡಿಯಾರ ಮೊಟ್ಟೆಯಾಗುತ್ತದೆ. ಗಡಿಯಾರ ಮೊಟ್ಟೆಯಾಗಿದ್ದರೆ ಆ ಫೋಟೊ ಬಳಸಬೇಡಿ.

ಮುಖ್ಯ ಲೆನ್ಸಿನಲ್ಲೇ, ಎದುರುಬದುರು ಮೂಲೆಗಳಿಂದ ಎರಡು ಫೋಟೊ ತೆಗೆಯಿರಿ. ಎರಡೂ ಸೇರಿ ಇಡೀ ರೂಮು ತೋರಿಸುತ್ತವೆ. ಫೋನು ನೆಲದಿಂದ 110-130 ಸೆಂ.ಮೀ. ಎತ್ತರದಲ್ಲಿರಲಿ, ನಿಂತವರ ಕಣ್ಣಿನ ಎತ್ತರದಿಂದ ತೆಗೆದರೆ ಮಂಚ ಕುಗ್ಗಿ, ನೆಲ ಹಿಗ್ಗುತ್ತದೆ. ಪರದೆಯ ಮೇಲೆ ಗ್ರಿಡ್ ಹಾಕಿಕೊಂಡು, ಬಾಗಿಲ ಚೌಕಟ್ಟನ್ನು ನೆಟ್ಟಗಿನ ಗೆರೆಗೆ ಹೊಂದಿಸಿ. ಆಮೇಲೆ ವಿವರಣೆಯಲ್ಲಿ ಅಳತೆ ಬರೆಯಿರಿ: ರೂಮು ಎಷ್ಟು ಅಡಿ, ಡಬಲ್ ಕಾಟ್ 5 ಅಡಿ ಅಗಲವೋ 6 ಅಡಿಯೋ. ಟೇಪು ಹಿಡಿದರೆ ಎರಡು ನಿಮಿಷದ ಕೆಲಸ. ಅಳತೆ ಬರೆದ ಜಾಹೀರಾತಿನ ಮೇಲೆ ‘ರೂಮು ಸಣ್ಣದು’ ಎಂಬ ದೂರು ನಿಲ್ಲುವುದಿಲ್ಲ.

ವಾಲಿದ ಗೋಡೆಯನ್ನು ಪರ್ಸ್‌ಪೆಕ್ಟಿವ್ ಟೂಲಿನಿಂದ ನೆಟ್ಟಗೆ ಮಾಡಬಹುದು. ಆದರೆ ಸ್ನ್ಯಾಪ್‌ಸೀಡ್‌ನಂಥ ಆ್ಯಪ್‌ಗಳಲ್ಲಿ ಆ ಟೂಲು ಮೂಲೆಯಲ್ಲಿ ಖಾಲಿ ಬಿದ್ದ ಜಾಗವನ್ನು ಅಕ್ಕಪಕ್ಕದ ಬಣ್ಣ ನೋಡಿ ತಾನೇ ತುಂಬಬಲ್ಲದು. ಅಲ್ಲಿ ಇಲ್ಲದ ಗೋಡೆ, ಇಲ್ಲದ ಫರಸಿ ಹುಟ್ಟುತ್ತದೆ. ತುಂಬಿಸಬೇಡಿ, ಆ ಅಂಚನ್ನು ಕತ್ತರಿಸಿ.

ಗೋಡೆ ಬಿಳಿ ಅದ, ಫೋಟೊದಾಗ ಹಳದಿ ಬರ್ತದ. ಏನ್ ಮಾಡ್ಬೇಕು?

ಒಂದೇ ರೂಮಿನಲ್ಲಿ ಮೂರು ಬೆಳಕು ಇವೆ. ಎಲ್‌ಇಡಿ ಟ್ಯೂಬು 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ; ಅಂಕಿ ಇಳಿದಷ್ಟೂ ಹಳದಿ), ಹಳದಿ ಬಲ್ಬು 2700-3000, ಕಿಟಕಿಯ ಹಗಲು ಬೆಳಕು 5500ರ ಹತ್ತಿರ. ಮೂರನ್ನೂ ಒಂದೇ ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಹೊಂದಾಣಿಕೆ) ತೃಪ್ತಿಪಡಿಸುವುದಿಲ್ಲ. ಹಗಲಲ್ಲಿ ತೆಗೆಯುವಾಗ ದೀಪಗಳನ್ನೆಲ್ಲ ಆರಿಸಿ, ಕಿಟಕಿಯ ಬೆಳಕೊಂದನ್ನೇ ನೆಚ್ಚಿ. ಬೇಸಿಗೆಯಾದರೆ ಬೆಳಿಗ್ಗೆ 7ರಿಂದ 9ರೊಳಗೆ ಮುಗಿಸಿ, ಆಮೇಲೆ ಹೊರಗಿನ ಬಿಸಿಲು ಕಿಟಕಿಯನ್ನು ಸುಟ್ಟುಹಾಕುತ್ತದೆ.

ಎಡಿಟ್ ಮಾಡುವಾಗ ‘ಇದೇ ಬಿಳಿ’ ಎಂದು ಆ್ಯಪಿಗೆ ತೋರಿಸುವ, ಬಣ್ಣ ಹೆಕ್ಕುವ ಕಡ್ಡಿಯನ್ನು (ಐಡ್ರಾಪರ್) ಬೆಡ್‌ಶೀಟಿನ ಮೇಲೆ ಇಡುವ ಅಭ್ಯಾಸ ಹಲವರಿಗಿದೆ. ನಮ್ಮ ಕಡೆ ಬೆಡ್‌ಶೀಟಿಗೆ ನೀಲಿ ಹಾಕಿ ಒಗೆಯುತ್ತಾರೆ. ಆ ನೀಲಿಯನ್ನು ಆ್ಯಪ್ ‘ಬಿಳಿ’ ಎಂದು ನಂಬಿ, ಸರಿದೂಗಿಸಲು ಇಡೀ ರೂಮಿಗೆ ಹಳದಿ ಸುರಿಯುತ್ತದೆ. ಗ್ರೇ ಕಾರ್ಡ್ (ಬಣ್ಣ ಹೊಂದಿಸಲೆಂದೇ ಸಿಗುವ ಬೂದು ರಟ್ಟು) ಒಂದನ್ನು ಮಂಚದ ಮೇಲಿಟ್ಟು ಮೊದಲು ಒಂದು ಫೋಟೊ ತೆಗೆದು, ಅದರಿಂದ ಬಣ್ಣ ಹೆಕ್ಕಿ ಉಳಿದವಕ್ಕೆ ಹಾಕಿ. ಇಷ್ಟು ತಿದ್ದುವುದು ಪೂರ್ತಿ ಪ್ರಾಮಾಣಿಕ. ಮಾಸಿದ ಬೆಡ್‌ಶೀಟನ್ನು ಬ್ರಷ್ ಹಿಡಿದು ಬೆಳ್ಳಗೆ ಮಾಡುವುದು ಅಲ್ಲ.

ಬೆಳಕು, ಕಾಂಟ್ರಾಸ್ಟ್, ಬಣ್ಣ ಎಷ್ಟು ಏರಿಸಬಹುದು?

ರೂಮಿನಲ್ಲೇ ಕುಳಿತು ಎಡಿಟ್ ಮಾಡಿ. ಫೋನು ಎತ್ತಿ ಹಿಡಿದು ಗೋಡೆಯನ್ನೂ ಪರದೆಯನ್ನೂ ಒಟ್ಟಿಗೇ ನೋಡಿದಾಗ ಎರಡೂ ಒಂದೇ ಅನ್ನಿಸಬೇಕು. ಫೋನಿನ ಬ್ರೈಟ್‌ನೆಸ್ ಅರ್ಧಕ್ಕಿಂತ ಸ್ವಲ್ಪ ಮೇಲಿರಲಿ. ಪೂರ್ತಿ ಏರಿಸಿದರೆ ಎಲ್ಲ ಫೋಟೊವೂ ಚೆಂದ ಕಾಣುತ್ತದೆ.

ಅಂದಾಜಿಗೆ ಅಂಕಿ ಬೇಕೆಂದರೆ, 100ರ ಸ್ಲೈಡರಿನಲ್ಲಿ ಶ್ಯಾಡೋಸ್ (ಕತ್ತಲ ಭಾಗ) +20ರಿಂದ +35, ಹೈಲೈಟ್ಸ್ (ಬೆಳಕಿನ ಭಾಗ) −20ರಿಂದ −40, ಸ್ಯಾಚುರೇಶನ್ (ಬಣ್ಣದ ಗಾಢತೆ) ಸೊನ್ನೆ ಅಥವಾ +5. ಇದಕ್ಕಿಂತ ಹೆಚ್ಚು ಬೇಕಾಯಿತೆಂದರೆ ತೆಗೆದ ಹೊತ್ತು ಸರಿಯಿಲ್ಲ, ಮತ್ತೆ ತೆಗೆಯಿರಿ. ಎಚ್‌ಡಿಆರ್ ಹೆಸರಿನ ರೆಡಿಮೇಡ್ ಫಿಲ್ಟರ್ ಬೇಡ: ಗೋಡೆಯ ಸುತ್ತ ಬೂದು ಪ್ರಭಾವಳಿ, ಮರಕ್ಕೆ ಪ್ಲಾಸ್ಟಿಕ್ ಹೊಳಪು ಬರುತ್ತದೆ. ಕಿಟಕಿ ಸುಡುತ್ತಿದ್ದರೆ ಫೋನು ಟ್ರೈಪಾಡಿಗೆ ಹಾಕಿ, ಎಕ್ಸ್‌ಪೋಶರ್ (ಬೆಳಕಿನ ಮಟ್ಟ) −2, 0, +2 ಹೀಗೆ ಇಟ್ಟು ಮೂರು ಫೋಟೊ ತೆಗೆದು ಆ್ಯಪಿನಲ್ಲಿ ಒಂದಾಗಿ ಸೇರಿಸಿ. ಅದೇ ಕಿಟಕಿ, ಅದೇ ಹೊತ್ತು, ಅದೇ ನೋಟ, ಹಾಗಾಗಿ ಸುಳ್ಳಿಲ್ಲ. ಕಿಟಕಿಯಾಚೆ ಪಕ್ಕದ ಕಟ್ಟಡದ ಹಸಿ ಇಟ್ಟಿಗೆ ಗೋಡೆ ಕಂಡರೆ ಅದೂ ಇರಲಿ.

ದೀಪ ಹಚ್ಚಿ ತೆಗೆದಾಗ ಅಡ್ಡಪಟ್ಟೆ ಬರುವುದು ಎಡಿಟಿಂಗಿನಿಂದ ಹೋಗುವ ರೋಗವಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕ್ಯಾಮೆರಾದ ಪ್ರೊ ಮೋಡಿಗೆ ಹೋಗಿ ಶಟರ್ (ಬೆಳಕು ಒಳಬಿಡುವ ಹೊತ್ತು) 1/50 ಅಥವಾ 1/100 ಸೆಕೆಂಡ್ ಇಟ್ಟರೆ ಪಟ್ಟೆ ನಿಲ್ಲುತ್ತದೆ.

ಏನೇನು ಅಳಿಸಬಹುದು? ವೈರು, ಬಕೀಟು, ಟವರು, ಗೋಡೆ ಕಲೆ?

ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಾಳೆ ಬಂದು ಬೀಗ ತೆಗೆದವರಿಗೆ ಅದು ಅಲ್ಲಿ ಇರುತ್ತದೋ ಇಲ್ಲವೋ?

ಮರೆತು ಬಿಟ್ಟ ಪೊರಕೆ, ಚಪ್ಪಲಿ, ಕನ್ನಡಿಯಲ್ಲಿ ಮೂಡಿದ ಫೋಟೊ ತೆಗೆಯುವವರ ನೆರಳು, ಪಾರ್ಕಿಂಗಿನಲ್ಲಿ ನಿಂತ ಗಾಡಿಯ ನಂಬರು ಅಳಿಸಬಹುದು. (ಪೊರಕೆಯನ್ನು ಅಳಿಸುವುದಕ್ಕಿಂತ ಎತ್ತಿಟ್ಟು ಮತ್ತೆ ತೆಗೆಯುವುದು ಬೇಗ.) ಕಿಟಕಿ ಮುಂದಿನ ಟ್ರಾನ್ಸ್‌ಫಾರ್ಮರ್, ಮೊಬೈಲ್ ಟವರು, ಎದುರಿನ ತೆರೆದ ಗಟಾರು, ಗೋಡೆಯ ಸೀಳು, ಚಾವಣಿಯ ತೇವದ ಕಲೆ, ಕಿತ್ತ ಸ್ವಿಚ್‌ಬೋರ್ಡು ಅಳಿಸುವಂತಿಲ್ಲ. ಟವರು ಕಾಣದ ಕೋನ ಹುಡುಕಿ ತೆಗೆದರೆ? ಒಂದು ಫೋಟೊದಲ್ಲಿ ತಪ್ಪಲ್ಲ; ಆದರೆ ಎಲ್ಲ ಫೋಟೊದಲ್ಲೂ ಅದನ್ನೇ ತಪ್ಪಿಸುತ್ತ ಹೋದರೆ ಅದು ಅಳಿಸಿದಂತೆಯೇ. ‘ಹಿಂದಿನ ಕಿಟಕಿಗೆ ಟ್ರಾನ್ಸ್‌ಫಾರ್ಮರ್ ಕಾಣುತ್ತದೆ’ ಎಂದು ಅಡಿಯಲ್ಲಿ ಒಂದು ಸಾಲು ಬರೆದುಬಿಡಿ.

ತೇವದ ಕಲೆಗೆ ಇನ್ನೊಂದು ಮಾತು. ಚಾವಣಿ ಸೋರಿಕೆ ನಿಲ್ಲಿಸದೆ ಬಣ್ಣ ಹೊಡೆದು ಆ ವಾರವೇ ಫೋಟೊ ತೆಗೆಯುವುದುಂಟು. ಮುಂದಿನ ಜುಲೈಗೆ ಕಲೆ ಅದೇ ಜಾಗಕ್ಕೆ ಮರಳುತ್ತದೆ. ಆಗ ಫೋಟೊ ಎಡಿಟ್ ಆಗದಿದ್ದರೂ ಸುಳ್ಳಾಗಿರುತ್ತದೆ.

ಫರಸಿ ಮಿಂಚಬೇಕು ಅಂತ ನೀರು ಹಾಕಿ ತೆಗೀತಾರಲ್ಲ, ಅದು ನಡೀತದೇನ್ರಿ?

ಶಹಾಬಾದ ಕಲ್ಲು ಒಣಗಿದ್ದಾಗ ತಿಳಿ ಬೂದು. ನೀರೋ ಎಣ್ಣೆಯೋ ಒರೆಸಿದರೆ ಕಪ್ಪು-ನೀಲಿಗೆ ತಿರುಗಿ ಪಾಲಿಶ್ ಹೊಡೆದಂತೆ ಕಾಣುತ್ತದೆ. ಬಂದವರು ಮಾಸಿದ ಬೂದು ನೆಲ ನೋಡಿ ‘ಇದು ಬೇರೆ ರೂಮು’ ಎನ್ನುತ್ತಾರೆ, ಅವರ ತಪ್ಪಿಲ್ಲ. ಒರೆಸಿ, ಫ್ಯಾನು ಹಾಕಿ ಪೂರ್ತಿ ಒಣಗಿಸಿ ತೆಗೆಯಿರಿ. ಒಣ ಫರಸಿಗೂ ಬಣ್ಣದ ಸ್ಲೈಡರ್ ಏರಿಸಿದರೆ ನೀಲಿ ಎದ್ದುಬರುತ್ತದೆ, ಹುಷಾರು.

ಬೀದರಿನ ಜಂಬಿಟ್ಟಿಗೆ ಗೋಡೆಗಳ ಕಾಟ ಇದರ ಉಲ್ಟಾ. ಬೆಚ್ಚನೆ ಫಿಲ್ಟರ್ ಹಾಕಿದ ತಕ್ಷಣ ಕೆಂಗಲ್ಲು ಕಿತ್ತಳೆಯಾಗುತ್ತದೆ, ಅದರ ಬೆಳಕು ಬಿದ್ದ ಬಿಳಿ ಛಾವಣಿಯೂ ಕೆಂಪಾಗುತ್ತದೆ. ರಿಸೆಪ್ಶನಿನಲ್ಲಿ ಬಿದ್ರಿ ಹೂಜಿ ಇಟ್ಟಿದ್ದರೆ ಶ್ಯಾಡೋಸ್ ಏರಿಸುವಾಗ ಅದನ್ನೊಮ್ಮೆ ನೋಡಿ: ಬಿದ್ರಿಯ ಕಪ್ಪು ಬೂದಿಯಾಯಿತೆಂದರೆ ಅತಿಯಾಯಿತು ಎಂದೇ ಅರ್ಥ.

ಆಕಾಶ ಬದಲಿಸುವುದು, ಲಾನಿಗೆ ಹಸಿರು ಹಾಕುವುದು?

ಎರಡೂ ಬೇಡ. ನೆರಳೇ ಇಲ್ಲದ ಮೋಡದ ದಿನದ ಕಟ್ಟಡದ ಮೇಲೆ ನೀಲಿ ಆಕಾಶ ಅಂಟಿಸಿದರೆ ನೋಡಿದವರಿಗೆ ಕಾರಣ ಗೊತ್ತಾಗದಿದ್ದರೂ ಏನೋ ಹೊಂದುತ್ತಿಲ್ಲ ಅನ್ನಿಸುತ್ತದೆ. ಕಿಟಕಿ ಗಾಜಿನಲ್ಲಿ ಹಳೆಯ ಬೂದು ಆಕಾಶ ಹಾಗೇ ಉಳಿದಿರುತ್ತದೆ. ನೀಲಿ ಆಕಾಶ ಬೇಕಿದ್ದರೆ ಮಳೆ ನಿಂತ ಅಕ್ಟೋಬರಿನ ಒಂದು ಬೆಳಗು ಕಾಯಿರಿ, ಪುಕ್ಕಟೆ ಸಿಗುತ್ತದೆ.

ಹಸಿರಿನದು ಸೂಕ್ಷ್ಮ, ಯಾಕೆಂದರೆ ಫೋನೇ ಕದ್ದು ಮಾಡುತ್ತದೆ. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಎಐ ಸೀನ್ ಅಥವಾ ಸೀನ್ ಆಪ್ಟಿಮೈಸರ್ ಎಂದಿದ್ದರೆ ಆಫ್ ಮಾಡಿಡಿ. ಅದು ಗಿಡ ಕಂಡೊಡನೆ ಹಸಿರು, ಊಟ ಕಂಡೊಡನೆ ಕೆಂಪು ಏರಿಸುತ್ತದೆ.

ಹೊಲದ ನಡುವಿನ ಹೋಮ್‌ಸ್ಟೇಗಳು ಋತುವನ್ನೇ ಮಾರುತ್ತವೆ. ಮಳೆಗಾಲ ಕಳೆದು ಹಳದಿ ಹೂ ಬಿಟ್ಟ ತೊಗರಿ ಹೊಲದ ಫೋಟೊ ಚೆಂದವೇ. ಏಪ್ರಿಲಿನಲ್ಲಿ ಬಂದವರಿಗೆ ಸಿಗುವುದು ಬಾಯಿಬಿಟ್ಟ ಕರಿ ಮಣ್ಣು. ಸುರಪುರದ ಹತ್ತಿರ ಬೋನಾಳ ಕೆರೆಯ ವಲಸೆ ಹಕ್ಕಿಗಳದೂ ಹಾಗೇ, ಚಳಿಗಾಲದ ಮಾತು. ಪ್ರತಿ ಹೊರನೋಟದ ಅಡಿಗೆ ತಿಂಗಳು ಬರೆಯಿರಿ, ಜೊತೆಗೆ ಮೇ ತಿಂಗಳ ಒಂದು ಫೋಟೊ ಹಾಕಿ.

ರೂಮಿನಿಂದ ಕೋಟೆ ಕಾಣ್ತದ. ಹತ್ತಿರ ಕಾಣಂಗ ಝೂಮ್ ಮಾಡಿ ಹಾಕಿದ್ರ?

ಕಟ್ಟಡದಿಂದ ಬಹಳ ಹಿಂದೆ ಸರಿದು 3ಎಕ್ಸ್, 5ಎಕ್ಸ್‌ನಲ್ಲಿ ತೆಗೆದರೆ ಹಿಂದಿನ ಗುಡ್ಡ, ಕೋಟೆ ಎದ್ದು ಬಂದು ಲಾಡ್ಜಿನ ಬೆನ್ನಿಗೆ ನಿಂತಂತಾಗುತ್ತದೆ. ಯಾದಗಿರಿ ಕೋಟೆ ಬೆಟ್ಟಕ್ಕೂ ಶಹಾಪುರದ ಮಲಗಿದ ಬುದ್ಧನ ಬೆಟ್ಟಕ್ಕೂ ಈ ಆಟ ಸುಲಭ. ಕಿಟಕಿ ನೋಟವನ್ನು 1ಎಕ್ಸ್‌ನಲ್ಲಿ, ಕಿಟಕಿ ಚೌಕಟ್ಟೂ ಫೋಟೊದಲ್ಲಿ ಬರುವಂತೆ ತೆಗೆಯಿರಿ. ಕೋಟೆ ಸಣ್ಣದಾಗಿಯೇ ಕಾಣಲಿ, ರೂಮಿನಿಂದ ಕಾಣುತ್ತದೆ ಎಂಬುದೇ ದೊಡ್ಡದು.

ಬೀದರ ಕೋಟೆ, ಮಹಮೂದ್ ಗವಾನ್ ಮದರಸಾ, ಕಲಬುರಗಿಯ ಬುದ್ಧ ವಿಹಾರ ಇವುಗಳ ಫೋಟೊ ಹಾಕಬಾರದೆಂದಲ್ಲ. ಮೊದಲ ಫೋಟೊ ಆಗಿ ಬೇಡ, ಅಡಿಯಲ್ಲಿ ಎಷ್ಟು ಕಿ.ಮೀ. ಎಂದಿರಲಿ. ದೂರ ಬರೆಯುವಾಗಲೂ ‘ಸ್ಟೇಷನ್ನಿಂದ 5 ನಿಮಿಷ’ ಎಂದರೆ ನಡೆದೋ ಆಟೋದಲ್ಲೋ ಹೇಳಿ. ಗಾಣಗಾಪುರ ರೋಡ್ ಸ್ಟೇಷನ್ನಿನಲ್ಲಿ ಇಳಿದವರಿಗೆ ದೇವಲ ಗಾಣಗಾಪುರದ ದತ್ತ ದೇವಸ್ಥಾನ ಇನ್ನೂ ಸುಮಾರು 20 ಕಿ.ಮೀ. ಇರುತ್ತದೆ. ‘ಗಾಣಗಾಪುರ ಸ್ಟೇಷನ್ ಹತ್ತಿರ’ ಎಂದು ಬರೆದು ದೇವಸ್ಥಾನದ ಫೋಟೊ ಹಾಕಿದರೆ ಪರವೂರಿನ ಮಂದಿ ಮೋಸ ಹೋಗುವುದು ಖಂಡಿತ.

ಡ್ರೋನ್ ಫೋಟೊ?

ಹಾರಿಸುವ ಮುಂಚೆ, ಡ್ರೋನ್ ಎಲ್ಲಿ ಹಾರಿಸಬಹುದು ಎಂದು ತೋರಿಸುವ ಕೇಂದ್ರ ಸರ್ಕಾರದ ಡಿಜಿಟಲ್ ಸ್ಕೈ ನಕಾಶೆ ನೋಡಿ. ಬೀದರಿನಲ್ಲಿ ವಾಯುಪಡೆಯ ನೆಲೆ ಇದೆ, ಕಲಬುರಗಿಯಲ್ಲಿ ವಿಮಾನ ನಿಲ್ದಾಣ. ಕೆಂಪು ವಲಯದಲ್ಲಿ ಕೇಂದ್ರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಎರಡು ಮಹಡಿಯ ಲಾಡ್ಜಿಗೆ ಡ್ರೋನ್ ಬೇಕೇ ಎಂಬುದು ಬೇರೆ ಪ್ರಶ್ನೆ.

ರಾತ್ರಿ ಫೋಟೊ ಹಾಕಬೇಕೇ?

ಹಾಕಲೇಬೇಕು. ಬಹಳ ಮಂದಿ ರಾತ್ರಿ ರೈಲಿಗೆ ಬಂದು ಇಳಿಯುವವರು. ಇಲ್ಲಿ ಜಾಗ್ರತೆ ಬೇಕಾದ್ದು ನೈಟ್ ಮೋಡಿನ ವಿಷಯದಲ್ಲಿ. ಅದು ಕೆಲವು ಸೆಕೆಂಡು ಬೆಳಕು ಕೂಡಿಹಾಕಿ, ಒಂದೂ ಬೀದಿದೀಪ ಇಲ್ಲದ ಓಣಿಯನ್ನು ಸಂಜೆ ಆರು ಗಂಟೆಯಂತೆ ತೋರಿಸುತ್ತದೆ. ಒಬ್ಬಳೇ ಬರುವ ಹೆಣ್ಣುಮಗಳು ಆ ಫೋಟೊ ನಂಬಿ ಬುಕ್ ಮಾಡಿದರೆ ಅದು ಬರೀ ಚೆಂದದ ಪ್ರಶ್ನೆಯಾಗಿ ಉಳಿಯುವುದಿಲ್ಲ. ನೈಟ್ ಮೋಡ್ ಆಫ್ ಮಾಡಿ, ಎಕ್ಸ್‌ಪೋಶರ್ ಇಳಿಸುತ್ತ ಬಂದು ಕಣ್ಣಿಗೆ ಕಾಣುವಷ್ಟಕ್ಕೆ ನಿಲ್ಲಿಸಿ. ಕತ್ತಲೆ ಕಂಡು ಮುಜುಗರವಾದರೆ ಗೇಟಿಗೊಂದು ಎಲ್‌ಇಡಿ ಫ್ಲಡ್ ಲೈಟ್ ಹಾಕಿಸಿ, ಮತ್ತೆ ತೆಗೆಯಿರಿ.

ಎಐ ಆ್ಯಪಿನಲ್ಲಿ ಸೋಫಾ, ಕರ್ಟನ್, ಹೂಕುಂಡ ಸೇರಿಸಬಹುದಾ?

ಬೇಡ. ಮನೆ ಮಾರುವವರು ಖಾಲಿ ಫ್ಲ್ಯಾಟಿಗೆ ಕಂಪ್ಯೂಟರಿನಲ್ಲಿ ಸೋಫಾ ಇಟ್ಟು, ಇದು ಕಲ್ಪನೆ ಎಂದು ಬರೆದು ತೋರಿಸುತ್ತಾರೆ. ಕೊಳ್ಳುವವರು ಹೇಗೂ ತಮ್ಮ ಸೋಫಾ ತರುತ್ತಾರೆ. ಲಾಡ್ಜಿಗೆ ಬರುವವರು ಸೋಫಾ ಹೊತ್ತು ತರುವುದಿಲ್ಲ. ಫೋಟೊ ದೊಡ್ಡದು ಮಾಡುವ, ಮಬ್ಬು ತೆಗೆಯುವ ಎಐ ಟೂಲುಗಳ ಮೇಲೂ ಕಣ್ಣಿರಲಿ: ನೂಲು ಎದ್ದ ಟವೆಲಿಗೆ ಹೊಸ ನೇಯ್ಗೆ ಹಾಕಿಕೊಡುತ್ತವೆ, ಬೋರ್ಡಿನ ಕನ್ನಡ ಅಕ್ಷರಗಳನ್ನು ಯಾವುದೋ ಗೀಚಾಗಿಸುತ್ತವೆ. ಫೋಟೊ ಮಬ್ಬಿದ್ದರೆ ಲೆನ್ಸ್ ಒರೆಸಿ ಮತ್ತೆ ತೆಗೆಯಿರಿ.

ಬಾತ್‌ರೂಮ್ ಫೋಟೊ ಯಾರು ನೋಡ್ತಾರ?

ವಯಸ್ಸಾದವರನ್ನು ಕರೆತರುವವರೆಲ್ಲ ನೋಡುತ್ತಾರೆ. ಕಮೋಡೋ ಇಂಡಿಯನ್ನೋ, ಗೀಸರ್ ಇದೆಯೋ ಸೋಲಾರೋ, ಒಳಗೆ ಹೋಗಲು ಮೆಟ್ಟಿಲಿದೆಯೋ, ಹಿಡಿಕೆ ಇದೆಯೋ. ದತ್ತನ ದರ್ಶನಕ್ಕೆ, ಬಂದೇನವಾಜ್ ದರ್ಗಾಕ್ಕೆ, ಆಸ್ಪತ್ರೆಗೆ ಬರುವವರಲ್ಲಿ ಮೊಣಕಾಲು ನೋವಿನವರು ಕಡಿಮೆ ಇಲ್ಲ. 4×7 ಅಡಿಯ ಬಾತ್‌ರೂಮ್ ಮುಖ್ಯ ಲೆನ್ಸಿಗೆ ಸಿಗುವುದಿಲ್ಲ. ಇಲ್ಲಿ ಮಾತ್ರ 0.5ಎಕ್ಸ್ ಬಳಸಿ, ಅಳತೆ ಬರೆದು. ಬೋರ್‌ವೆಲ್ಲಿನ ಉಪ್ಪು ನೀರಿಂದ ನಲ್ಲಿ, ಟೈಲ್ಸ್ ಮೇಲೆ ಕೂತ ಬಿಳಿ ಪೊರೆಯನ್ನು ಆ್ಯಪಿನಲ್ಲಿ ಒರೆಸಬೇಡಿ. ವಿನೆಗರ್ ಅಥವಾ ನಿಂಬೆರಸ ಹಚ್ಚಿ ಅರ್ಧ ಗಂಟೆ ಬಿಟ್ಟು ಉಜ್ಜಿದರೆ ಅದೇ ಹೋಗುತ್ತದೆ. ಶಹಾಬಾದ ಕಲ್ಲಿಗೆ ಮಾತ್ರ ಹುಳಿ ತಾಗಿಸಬೇಡಿ. ಅದು ಸುಣ್ಣದ ಕಲ್ಲು, ಕಲೆ ಬೀಳುತ್ತದೆ.

24 ರೂಮು ಅವ. ಒಂದರ ಫೋಟೊ ಎಲ್ಲಕ್ಕೂ ಹಾಕಬಹುದಾ?

ಒಂದೇ ಬಗೆಯ ರೂಮುಗಳಿಗೆ ಒಂದು ಸಾಕು. ಎಸಿ ರೂಮಿನ ಫೋಟೊವನ್ನು ಕೂಲರ್ ರೂಮಿಗೆ ಹಾಕುವುದು ಮಾತ್ರ ಜಗಳಕ್ಕೆ ಆಹ್ವಾನ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಊರಿದು; ಗೋಡೆಯ ಮೇಲಿನ ಆ ಬಿಳಿ ಡಬ್ಬಿ ನೋಡಿಯೇ ಮಂದಿ ದುಡ್ಡು ಕಟ್ಟುತ್ತಾರೆ. ಒಂದೇ ಬಗೆಯಲ್ಲೂ ಅತ್ಯುತ್ತಮ ರೂಮನ್ನು ಬಿಟ್ಟು ನಡುತರದ್ದನ್ನು ತೆಗೆಯಿರಿ. ಕೆಟ್ಟು ನಿಂತ ಲಿಫ್ಟಿನ ಫೋಟೊ ರಿಪೇರಿ ಆಗುವವರೆಗೆ ತೆಗೆದುಹಾಕಿ.

ಹುಣ್ಣಿಮೆ, ದತ್ತ ಜಯಂತಿ, ಶರಣಬಸವೇಶ್ವರ ಜಾತ್ರೆ, ಉರುಸಿನ ದಿನಗಳಲ್ಲಿ ಅದೇ ರೂಮಿಗೆ ಮೂರು ಗಾದಿ ಹೆಚ್ಚಿಗೆ ಹಾಸುತ್ತೀರಾದರೆ ಗಾದಿ ಹಾಸಿದ ಫೋಟೊವೂ ಒಂದಿರಲಿ. ಆಗ ಓಡಾಡಲು ಜಾಗ ಎಷ್ಟು ಉಳಿಯುತ್ತದೆ ಎಂಬುದನ್ನು ಬಾಯಿಮಾತಿನಲ್ಲಿ ಹೇಳಿ ಒಪ್ಪಿಸುವುದು ಕಷ್ಟ.

ಫೋಟೊಗ್ರಾಫರ್‌ಗೆ ಹೇಳುವಾಗ ಏನು ಬರೆಸಿಕೊಳ್ಳಬೇಕು?

ದುಡ್ಡು ಕೊಟ್ಟು ತೆಗೆಸಿದ ಫೋಟೊ, ಬೇರೆ ಕರಾರು ಇಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯಡಿ ತೆಗೆಸಿದವರದೇ. ಆದರೂ ಚೀಟಿಯಲ್ಲಿ ಬರೆಯಿರಿ. ‘ಸ್ಥಿರವಾಗಿ ಇರುವುದನ್ನು ಅಳಿಸಬಾರದು, ಇಲ್ಲದ್ದನ್ನು ಸೇರಿಸಬಾರದು, ಎಡಿಟ್ ಮಾಡದ ಮೂಲ ಫೈಲುಗಳನ್ನೂ ಕೊಡಬೇಕು’ ಎಂಬ ಸಾಲು ಸೇರಿಸಿ. ಮೂಲ ಫೈಲಿನೊಳಗೆ ತೆಗೆದ ದಿನಾಂಕ, ಲೆನ್ಸಿನ ವಿವರ ಇರುತ್ತದೆ. ನಾಳೆ ತಕರಾರು ಬಂದರೆ ಅದೇ ನಿಮ್ಮ ಸಾಕ್ಷಿ. ವಾಟ್ಸ್‌ಆ್ಯಪಿನಲ್ಲಿ ಫೋಟೊ ಎಂದು ಕಳಿಸಿದರೆ ಗಾತ್ರವೂ ಕುಗ್ಗುತ್ತದೆ, ಈ ವಿವರವೂ ಉದುರಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಲು ಹೇಳಿ.

ಕಾನೂನು ಏನು ಹೇಳುತ್ತದೆ?

ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಕಲಂ 2(28) ದಾರಿತಪ್ಪಿಸುವ ಜಾಹೀರಾತು ಎಂದರೇನು ಎಂದು ಹೇಳುತ್ತದೆ. ಸೇವೆಯ ಬಗ್ಗೆ ಸುಳ್ಳು ವಿವರಣೆ ಕೊಡುವುದೂ, ಮುಖ್ಯ ಮಾಹಿತಿಯನ್ನು ಬೇಕೆಂದೇ ಬಚ್ಚಿಡುವುದೂ ಅದರಲ್ಲಿ ಬರುತ್ತವೆ. ಫೋಟೊ ಕೂಡ ವಿವರಣೆಯೇ. ಗ್ರಾಹಕರ ಹಿತಕ್ಕೆ ಧಕ್ಕೆ ತರುವ ಸುಳ್ಳು ಜಾಹೀರಾತು ಮಾಡಿಸಿದ ಸೇವೆದಾರರಿಗೆ ಕಲಂ 89ರಲ್ಲಿ 2 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ ಇದೆ. ಒಂದು ರಾತ್ರಿಯ ಬಾಡಿಗೆಗೆ ಮಾತು ಅಲ್ಲಿವರೆಗೆ ಹೋಗುವುದು ಅಪರೂಪ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದು ಅಷ್ಟು ಅಪರೂಪವಲ್ಲ: ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೇ ಇಲ್ಲ. ಗೂಗಲ್ ಮ್ಯಾಪಿನಲ್ಲಿ ಹಾಕುವ ಫೋಟೊಗೂ ನಿಯಮವಿದೆ. ಹೆಚ್ಚು ಬದಲಾವಣೆ, ಅತಿ ಫಿಲ್ಟರ್ ಇರಬಾರದು, ವಾಸ್ತವ ತೋರಿಸಬೇಕು ಎನ್ನುತ್ತದೆ.

ಬಂದು ನೋಡಿದ್ರ ಫೋಟೊದಂಗ ಇಲ್ಲ. ನಾವೇನ್ ಮಾಡ್ಬೇಕು?

ಇದು ತಂಗಲು ಬಂದವರ ಪ್ರಶ್ನೆ. ಬ್ಯಾಗು ಬಿಚ್ಚುವ ಮುಂಚೆ, ಜಾಹೀರಾತಿನ ಫೋಟೊ ತೆಗೆದ ಜಾಗದಲ್ಲೇ ನಿಂತು 1ಎಕ್ಸ್‌ನಲ್ಲಿ ಫೋಟೊ ತೆಗೆಯಿರಿ. ಜಾಹೀರಾತಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ನಾಳೆಗೆ ಅದು ಬದಲಾಗಬಹುದು. ಮ್ಯಾನೇಜರಿಗೆ ಸಮಾಧಾನದಿಂದ ಹೇಳಿ ಬೇರೆ ರೂಮು ಕೇಳಿ. ಆನ್‌ಲೈನ್ ಬುಕಿಂಗ್ ಆಗಿದ್ದರೆ ಆ ಆ್ಯಪಿನ ಸಂದೇಶದಲ್ಲೇ ಬರೆಯಿರಿ, ಬಾಯಿಮಾತಿಗೆ ದಾಖಲೆ ಇರುವುದಿಲ್ಲ. ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಆಯೋಗಕ್ಕೆ ದೂರು ಕೊಡಲು 2 ವರ್ಷ ಅವಧಿ ಇದೆ.

ಫೋಟೊ ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು?

ದಿನದ ಲೆಕ್ಕ ಬೇಡ. ಬಣ್ಣ, ಮಂಚ, ಗಾದಿ, ಎಸಿ ಬದಲಾದ ದಿನ ಬದಲಿಸಿ. ಪಕ್ಕದಲ್ಲಿ ಕಟ್ಟಡ ಎದ್ದು ಕಿಟಕಿ ಮುಚ್ಚಿದರೆ ಅಂದೇ ಬದಲಿಸಿ. ಏನೂ ಬದಲಾಗದಿದ್ದರೂ ಮಳೆಗಾಲ ಮುಗಿದ ಮೇಲೆ ಒಮ್ಮೆ ಹಳೆಯ ಫೋಟೊ ಕೈಯಲ್ಲಿ ಹಿಡಿದು ರೂಮುರೂಮಿಗೆ ಹೋಗಿ. ಜೊತೆಗೆ ರೂಮ್‌ಬಾಯ್ ಇರಲಿ. ಯಾವ ರೂಮಿನಲ್ಲಿ ಏನು ನೋಡಿ ಮಂದಿ ಮುಖ ಸಿಂಡರಿಸುತ್ತಾರೆ ಎಂಬುದು ಅವನಿಗೆ ಗೊತ್ತಿರುತ್ತದೆ.